ಎಣ್ಣೆ ಅಂಗಡಿ ಮುಚ್ಚಿದಾಗ ವಾರ್ಡಿನಲ್ಲಿ ಏನಾಯಿತು

(ಆಶಾ ಕಾರ್ಯಕರ್ತೆಯರು ಮತ್ತು ನರ್ಸಿಂಗ್ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಲಾಕ್‌ಡೌನ್ ಘೋಷಣೆ ಆಯಿತು. ನಾಲ್ಕೇ ಗಂಟೆಯಲ್ಲಿ ಜಾರಿಗೂ ಬಂತು. ಹಾಲು, ತರಕಾರಿ, ಔಷಧಿ ಅಂಗಡಿ ಬಿಟ್ಟರೆ ಹೆಚ್ಚುಕಮ್ಮಿ ಎಲ್ಲವೂ ಬಂದ್. ವೈನ್ ಸ್ಟೋರುಗಳೂ ಬಂದ್. ಆಗ ತುಂಬಾ ಜನ ಒಂದು ಮಾತು ಹೇಳಿದರು: "ಒಳ್ಳೇದೇ ಆಯ್ತು ಬಿಡಿ, ಇನ್ನಾದ್ರೂ ಕುಡಿಯೋದು ಬಿಡ್ತಾರೆ." ಹಾಗೆ ಹೇಳಿದವರಲ್ಲಿ ಕುಡಿದು ಬಂದ ಗಂಡನ ಕೈಲಿ ವರ್ಷಗಟ್ಟಲೆ ಏಟು ತಿಂದ ಹೆಂಗಸರೂ ಇದ್ದರು. ಅವರು ಹಾಗಂದಿದ್ದಕ್ಕೆ ನಾನು ಅವರನ್ನು ದೂರುವುದಿಲ್ಲ. ಆದರೆ ದಿನಾ ಕುಡಿಯುವವನ ಮೈಗೆ ಸರ್ಕಾರದ ಆದೇಶ ಅರ್ಥವಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಇಷ್ಟೇ: ನಿನ್ನೆ ಸಿಕ್ಕಿದ್ದು ಇವತ್ತು ಸಿಗಲಿಲ್ಲ.

ನಾನು ಡಾಕ್ಟರಲ್ಲ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಮಾತ್ರೆ ಬರೆಯುವುದು ಡಾಕ್ಟರ ಕೆಲಸ. ಆ ಮಾತ್ರೆ ಮನೆ ತಲುಪಿತಾ, ಯಾರ ಕೈಗೆ ಸಿಕ್ಕಿತು, ನುಂಗಿದರಾ ಇಲ್ಲವಾ ಅಂತ ನೋಡುವುದು ನನ್ನ ಕೆಲಸ. ಅದಕ್ಕೇ ನನ್ನ ಮಾತು ಆ ಕಡೆಗೇ ಜಾಸ್ತಿ ವಾಲುತ್ತದೆ.

ಮೊದಲು ಮೈಯ ವಿಚಾರ. ವರ್ಷಗಟ್ಟಲೆ ದಿನಾ ಕುಡಿದವರು ಏಕಾಏಕಿ ನಿಲ್ಲಿಸಿದರೆ ಆರೆಂಟು ಗಂಟೆಯಲ್ಲಿ ಕೈ ನಡುಕ ಶುರುವಾಗುತ್ತದೆ. ಬೆವರು, ವಾಂತಿ, ನಿದ್ದೆ ಇಲ್ಲ. ಕೆಲವರಿಗೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಮೂರನೇ, ನಾಲ್ಕನೇ ದಿನ ಹೊತ್ತಿಗೆ ಬುದ್ಧಿ ಕಲಸಿಹೋಗುತ್ತದೆ. ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ. ಹಾಸಿಗೆಯಲ್ಲಿ ಕೂತಲ್ಲೇ ಗಾರೆ ಕಲಸುತ್ತಾರೆ, ಬಸ್ ಓಡಿಸುತ್ತಾರೆ, ಯಾರೂ ಇಲ್ಲದ ಕಡೆ ನೋಡಿ ಬೈಯುತ್ತಾರೆ. ಅವರವರ ಕಸುಬು ಕೈಯಲ್ಲಿ ಕಾಣಿಸುತ್ತದೆ, ನೀವು ಗಮನಿಸಿರಬಹುದು. ಇದನ್ನು ಡಾಕ್ಟರು ಡೆಲಿರಿಯಂ ಟ್ರೆಮೆನ್ಸ್ ಅಂತಾರೆ. ಊರಲ್ಲಿ ದೆವ್ವ ಮೆಟ್ಟಿದೆ ಅಂತಾರೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಕುತ್ತು.

ಆ ಮಾರ್ಚ್ ಕೊನೆಯ ವಾರದಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಬಂದ ಇಂಥ ಗಂಭೀರ ಕೇಸುಗಳ ಲೆಕ್ಕವನ್ನು ಅಲ್ಲಿನ ಮನೋವೈದ್ಯರು ತೆಗೆದರು. ದಿನಕ್ಕೆ ಸರಾಸರಿ 4 ಇದ್ದದ್ದು 8 ಆಗಿತ್ತು. ಇದು ಆಸ್ಪತ್ರೆ ತಲುಪಿದವರ ಲೆಕ್ಕ ಮಾತ್ರ. ಬಸ್ಸಿಲ್ಲ, ಆಟೋ ಇಲ್ಲ, ರಸ್ತೆಗಿಳಿದರೆ ಪೊಲೀಸರ ಲಾಠಿ. ಮನೆಯಲ್ಲೇ ನಡುಗಿದವರನ್ನು ಯಾರು ಎಣಿಸುತ್ತಾರೆ?

ಇಲ್ಲಿ ಇನ್ನೊಂದು ಅಂಕಿ ಹೇಳಲೇಬೇಕು. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್‌ನವರು ಮಾಡಿದ ರಾಷ್ಟ್ರೀಯ ಸಮೀಕ್ಷೆ ಇದೆ, ವರದಿ ಬಂದದ್ದು 2019ರಲ್ಲಿ. ಅದರ ಪ್ರಕಾರ ಮದ್ಯದ ಚಟಕ್ಕೆ ಪೂರ್ತಿ ಸಿಕ್ಕಿಕೊಂಡವರಲ್ಲಿ 38 ಜನಕ್ಕೆ ಒಬ್ಬರಿಗಷ್ಟೇ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿತ್ತು. ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಅಂದರೆ ಲಾಕ್‌ಡೌನ್ ಬಂದಾಗ ನಮ್ಮ ರಿಜಿಸ್ಟರಿನಲ್ಲಿ ಹೆಸರಿದ್ದವರು ಬೆರಳೆಣಿಕೆ. ಉಳಿದವರಿಗೆ ನಾವು ಯಾರು ಅಂತಲೇ ಗೊತ್ತಿರಲಿಲ್ಲ.

ಹಳ್ಳಿಯಲ್ಲಿ ಇಂಥವರನ್ನು ಮೊದಲು ಕರೆದೊಯ್ಯುವುದು ಎಲ್ಲಿಗೆ? ಹತ್ತಿರದ ಕ್ಲಿನಿಕ್ಕಿಗೆ. ಅಲ್ಲಿ ಏನು ಕೇಳುತ್ತಾರೆ? "ಸುಸ್ತಾಗಿದಾನೆ ಡಾಕ್ಟ್ರೇ, ಒಂದು ಬಾಟಲ್ ಗ್ಲೂಕೋಸ್ ಏರಿಸಿ." ನರ್ಸಿಂಗ್ ಮಕ್ಕಳು ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿ. ಜಾಸ್ತಿ ಕುಡಿಯುವವರು ಊಟ ಸರಿಯಾಗಿ ಮಾಡುವುದಿಲ್ಲ. ತಿಂದಿದ್ದೂ ಮೈಗೆ ಹತ್ತುವುದಿಲ್ಲ. ಅವರಲ್ಲಿ ಥಯಾಮಿನ್, ಅಂದರೆ ವಿಟಮಿನ್ ಬಿ1, ತೀರಾ ಕಮ್ಮಿ ಇರುತ್ತದೆ. ಗ್ಲೂಕೋಸ್ ಅರಗಿಸಿಕೊಳ್ಳಲು ಮೈಗೆ ಥಯಾಮಿನ್ ಬೇಕು. ಅದಿಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರುಪಾರೂ ಖರ್ಚಾಗಿ ಮೆದುಳಿಗೇ ಪೆಟ್ಟು ಬೀಳಬಹುದು. ಕಣ್ಣು ಓಲಾಡುತ್ತದೆ, ನಡಿಗೆ ತಪ್ಪುತ್ತದೆ, ನೆನಪು ಶಾಶ್ವತವಾಗಿ ಹೋಗಿಬಿಡಬಹುದು. ಥಯಾಮಿನ್ ಇಂಜೆಕ್ಷನ್ ದುಬಾರಿ ಏನಲ್ಲ. ಮೊದಲು ಅದು, ಆಮೇಲೆ ಗ್ಲೂಕೋಸ್. ಲಾಕ್‌ಡೌನಿನಲ್ಲಿ ಸ್ಪೆಷಲಿಸ್ಟ್ ಹತ್ತಿರ ಹೋಗಲಾಗದವರಿಗೆ ಹಳ್ಳಿಯ ಪಿಎಚ್‌ಸಿಯಲ್ಲೇ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ, ಇಷ್ಟು ಸಿಕ್ಕಿದ್ದರೂ ಎಷ್ಟೋ ಜೀವ ಉಳಿಯುತ್ತಿತ್ತು ಅಂತ ನನ್ನ ನಂಬಿಕೆ.

ಪಕ್ಕದ ಕೇರಳದಲ್ಲಿ ಮದ್ಯ ಸಿಗಲಿಲ್ಲವೆಂದು ಪ್ರಾಣ ಕಳೆದುಕೊಂಡವರ ಸುದ್ದಿ ಒಂದರ ಹಿಂದೆ ಒಂದು ಬಂತು. ಅಲ್ಲಿನ ಸರ್ಕಾರ ಗಾಬರಿಯಾಗಿ, ಡಾಕ್ಟರ ಚೀಟಿ ತಂದವರಿಗೆ ಮದ್ಯ ಕೊಡಬಹುದು ಅಂತ ಆದೇಶ ಹೊರಡಿಸಿತು. ಡಾಕ್ಟರುಗಳು ಕಪ್ಪು ಪಟ್ಟಿ ಕಟ್ಟಿ ಪ್ರತಿಭಟಿಸಿದರು. ಏಪ್ರಿಲ್ 2ರಂದು ಕೇರಳ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಡಾಕ್ಟರುಗಳ ಪ್ರತಿಭಟನೆ ಸರಿಯೇ. ನಡುಕ ನಿಲ್ಲಿಸಲು ಡಯಾಜೆಪಾಮ್, ಲೊರಾಜೆಪಾಮ್‌ನಂಥ ಮಾತ್ರೆಗಳಿವೆ. ದಿನದಿಂದ ದಿನಕ್ಕೆ ಕಮ್ಮಿ ಮಾಡುತ್ತಾ ಬಂದರೆ ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ಮುಗಿಯುತ್ತದೆ. ಆದರೂ ಸರ್ಕಾರದ ಗಾಬರಿಯನ್ನು ನಗೆಯಾಡಲು ನನಗೆ ಮನಸ್ಸಿಲ್ಲ. ಸಾಯುತ್ತಿದ್ದದ್ದು ನಿಜವಾದ ಜನ. ಅಂಗಡಿ ಮುಚ್ಚುವ ಮುಂಚೆ ಪಿಎಚ್‌ಸಿಗಳಿಗೆ ಮಾತ್ರೆ ಕಳಿಸಿ, ಸಿಬ್ಬಂದಿಗೆ ಒಂದು ಮಾತು ಹೇಳಿದ್ದರೆ ಆ ಆದೇಶದ ಅಗತ್ಯವೇ ಬೀಳುತ್ತಿರಲಿಲ್ಲ.

ಸಿಗದಾಗ ಜನ ಸುಮ್ನೆ ಕೂರುವುದಿಲ್ಲ. ಜುಲೈ ಕೊನೆಯಲ್ಲಿ ಆಂಧ್ರದ ಪ್ರಕಾಶಂ ಜಿಲ್ಲೆಯ ಕುರಿಚೇಡು ಅನ್ನುವ ಊರಲ್ಲಿ ಕೊರೋನಾ ಜಾಸ್ತಿಯಾಗಿ ಮದ್ಯದಂಗಡಿ ಮುಚ್ಚಿದ್ದರು. ಸ್ಯಾನಿಟೈಸರ್ ಕುಡಿದು 10ಕ್ಕೂ ಹೆಚ್ಚು ಜನ ಸತ್ತರು. ಇರಾನಿನಲ್ಲಂತೂ ಮದ್ಯ ಕುಡಿದರೆ ಕೊರೋನಾ ಬರುವುದಿಲ್ಲ ಅಂತ ಗಾಳಿಸುದ್ದಿ ಹಬ್ಬಿ, ಕಳ್ಳಮದ್ಯದಲ್ಲಿದ್ದ ಮೆಥನಾಲ್‌ಗೆ 700ಕ್ಕೂ ಹೆಚ್ಚು ಜನ ಬಲಿಯಾದರು.

ಈಗ ಆಗಲೇ ಚಿಕಿತ್ಸೆಯಲ್ಲಿದ್ದವರ ಕಡೆ ಬರೋಣ. ಇವರ ಕಥೆ ಬೇರೆ. ಇವರು ಕಷ್ಟಪಟ್ಟು ಬಿಟ್ಟವರು. ತಿಂಗಳಿಗೊಮ್ಮೆ ಬಂದು ಮಾತ್ರೆ ಒಯ್ಯುವವರು. ವಾರಕ್ಕೊಮ್ಮೆ ಎಎ ಮೀಟಿಂಗಿಗೆ, ಅಂದರೆ ಕುಡಿತ ಬಿಟ್ಟವರೇ ಸೇರಿ ನಡೆಸುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗೆ, ಹೋಗುವವರು. ಧರ್ಮಸ್ಥಳದ ಮದ್ಯವರ್ಜನ ಶಿಬಿರ ಮುಗಿಸಿ, ಊರಿನ ನವಜೀವನ ಸಮಿತಿಯಲ್ಲಿ ಕೂತು ಮಾತಾಡುವವರು. ಇವರನ್ನು ಹಿಡಿದು ನಿಲ್ಲಿಸಿದ್ದೇ ಈ ಹೋಗಿಬರುವ ಅಭ್ಯಾಸ. "ಗುಂಪು ಸೇರಬೇಡಿ" ಅಂದ ಕೂಡಲೇ ಅದೇ ಕಡಿದುಹೋಯಿತು. ಕೆಲಸವೂ ಇಲ್ಲ, ದುಡ್ಡೂ ಇಲ್ಲ, ಇಡೀ ದಿನ ಮನೆಯಲ್ಲಿ. ಬಿಟ್ಟವನಿಗೆ ಖಾಲಿ ಕೂರುವುದಕ್ಕಿಂತ ದೊಡ್ಡ ಶತ್ರು ಇಲ್ಲ.

ಒಂದು ಚಿಕ್ಕ ವಿಷಯ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಯೋಚಿಸಿರಲಿಲ್ಲ. ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ಇದೆ. ಅದನ್ನು ತಗೊಂಡವರು ಕುಡಿದರೆ ಮುಖ ಕೆಂಪಾಗಿ, ಎದೆ ಡವಗುಟ್ಟಿ, ವಾಂತಿಯಾಗಿ ಒದ್ದಾಡುತ್ತಾರೆ. ಆ ಹೆದರಿಕೆಗೇ ಎಷ್ಟೋ ಜನ ಕುಡಿಯದೆ ಇರುತ್ತಾರೆ. ಈಗ ಕೊರೋನಾ ಬಂತು. ಬ್ಯಾಂಕಿಗೆ ಹೋದರೆ ಸ್ಯಾನಿಟೈಸರ್, ಕಿರಾಣಿ ಅಂಗಡಿಗೆ ಹೋದರೆ ಸ್ಯಾನಿಟೈಸರ್, ನಮ್ಮ ಓಪಿಡಿ ಬಾಗಿಲಲ್ಲೂ ಸ್ಯಾನಿಟೈಸರ್. ಅದರಲ್ಲಿ ಮುಕ್ಕಾಲು ಪಾಲು ಆಲ್ಕೋಹಾಲೇ. ಪದೇಪದೇ ಕೈಗೆ ಉಜ್ಜಿಕೊಂಡು, ಮುಚ್ಚಿದ ಕೋಣೆಯಲ್ಲಿ ಅದರ ಆವಿ ಎಳೆದುಕೊಂಡರೆ ಕೆಲವರಿಗೆ ಮುಖ ಬಿಸಿಯಾಗಿ ಎದೆ ಹೊಡೆದುಕೊಳ್ಳುತ್ತದೆ. ಕುಡಿದೇ ಇಲ್ಲದವನು ಹೀಗಾಗಿ ಒದ್ದಾಡಿದರೆ ಮನೆಯವರು ಏನಂತಾರೆ? "ಕದ್ದು ಕುಡಿದಿದಾನೆ" ಅಂತಾರೆ. ಆಮೇಲೆ ಇವನು ಬೇಜಾರಾಗಿ ಮಾತ್ರೆಯನ್ನೇ ಬಿಡುತ್ತಾನೆ. ಇವರಿಗೆ ಸೋಪು, ನೀರು ಅಂತ ಮುಂಚೆಯೇ ಹೇಳಿಬಿಡಬೇಕಿತ್ತು. ಅದೇ ಕಾಲಕ್ಕೆ ಇಮ್ಯೂನಿಟಿ ಹೆಚ್ಚಲಿ ಅಂತ ಜನ ದ್ರಾಕ್ಷಾರಿಷ್ಟ, ದಶಮೂಲಾರಿಷ್ಟ ಕುಡಿಯಲು ಶುರುಮಾಡಿದ್ದರು. ಅರಿಷ್ಟ ಅಂದರೆ ಹುದುಗು ಬರಿಸಿದ್ದು, ಅದರಲ್ಲೂ ಆಲ್ಕೋಹಾಲ್ ಇರುತ್ತದೆ. ಡೈಸಲ್ಫಿರಾಮ್ ತಗೊಳ್ಳುವವರಿಗೆ ಅದೂ ಆಗದು.

ಬ್ರೌನ್ ಶುಗರ್‌ನಂಥ ಅಫೀಮು ಜಾತಿಯ ಮಾದಕಗಳಿಂದ ಹೊರಬರುವವರದು ಇನ್ನೂ ಸೂಕ್ಷ್ಮ. ಅವರಿಗೆ ಚಟದ ಎಳೆತ ತಗ್ಗಿಸುವ ಬುಪ್ರೆನಾರ್ಫಿನ್ ಅನ್ನುವ ಮಾತ್ರೆ ಕೊಡುತ್ತಾರೆ. ನಮ್ಮ ದೇಶದ ಎಷ್ಟೋ ಸೆಂಟರುಗಳಲ್ಲಿ ಅದನ್ನು ಕೊಡುವ ಕ್ರಮ ಹೀಗಿತ್ತು: ದಿನಾ ಬರಬೇಕು. ಸಿಸ್ಟರ್ ಮಾತ್ರೆ ಪುಡಿ ಮಾಡಿ ನಾಲಿಗೆ ಕೆಳಗೆ ಹಾಕುತ್ತಾರೆ. ಕರಗುವ ತನಕ ಬೆಂಚಿನ ಮೇಲೆ ಕೂರಬೇಕು. ಹೋಗುವ ಮುಂಚೆ ಬಾಯಿ ತೆರೆದು ತೋರಿಸಬೇಕು. ಮನೆಗೆ ಕೊಟ್ಟರೆ ಮಾರಿಕೊಳ್ಳುತ್ತಾರೆ ಅನ್ನುವ ಅನುಮಾನ ಇದರ ಹಿಂದೆ. ಅನುಮಾನಕ್ಕೆ ಕಾರಣವೇ ಇಲ್ಲ ಅಂತಲ್ಲ. ಆದರೆ ಲಾಕ್‌ಡೌನಿನಲ್ಲಿ ದಿನಾ ಬರುವುದು ಹೇಗೆ? ಬಂದರೂ ಇಕ್ಕಟ್ಟು ಕೋಣೆಯಲ್ಲಿ ಮಾಸ್ಕ್ ತೆಗೆದು ಬಾಯಿ ತೆರೆಯುವುದು ಹೇಗೆ?

ಆಗ ನಿಯಮ ಸಡಿಲವಾಯಿತು. ನಮ್ಮ ದೇಶದಲ್ಲಿ ಕೆಲವು ದಿನಗಳ ಮಾತ್ರೆಯನ್ನು ಮನೆಗೆ ಕೊಡಲು ಒಪ್ಪಿದರು. ಪಂಜಾಬಿನಲ್ಲಿ ಎರಡು ವಾರದ ಮಾತ್ರೆ ಒಟ್ಟಿಗೆ ಕೊಟ್ಟರು. ಅಮೆರಿಕದಲ್ಲಿ ಇದೇ ಚಟಕ್ಕೆ ಕೊಡುವ ಮೆಥಡೋನ್ ಅನ್ನುವ ಔಷಧಕ್ಕೆ ದಶಕಗಳಿಂದ ಬಿಗಿ ಕಾವಲು ಇತ್ತು. ಅಲ್ಲೂ 2020ರ ಮಾರ್ಚಿನಲ್ಲಿ, ಸ್ಥಿರವಾಗಿರುವವರಿಗೆ 28 ದಿನದ್ದು, ಅಷ್ಟು ಸ್ಥಿರವಾಗಿಲ್ಲದವರಿಗೆ 14 ದಿನದ್ದು ಮನೆಗೆ ಕೊಡಬಹುದು ಅಂದರು. ಎಲ್ಲರಿಗೂ ಭಯ, ಈಗ ಇದರಿಂದಲೇ ಸಾಯುತ್ತಾರೆ ಅಂತ. ಆ ವರ್ಷಗಳಲ್ಲಿ ಅಮೆರಿಕದಲ್ಲಿ ಮಾದಕ ಮಿತಿಮೀರಿ ಸತ್ತವರ ಸಂಖ್ಯೆ ಭಯಂಕರ ಏರಿತು ನಿಜ. 2019ರಲ್ಲಿ ಸುಮಾರು 70 ಸಾವಿರ ಇದ್ದದ್ದು 2021ರಲ್ಲಿ 1 ಲಕ್ಷ ದಾಟಿತು. ಬಹುಪಾಲು ಫೆಂಟನಿಲ್ ಅನ್ನುವ, ಅಫೀಮು ಜಾತಿಯದೇ ಆದ ತೀಕ್ಷ್ಣ ಮಾದಕದಿಂದ. ಆ ಸಾವುಗಳಲ್ಲಿ ಮೆಥಡೋನ್ ಇದ್ದವುಗಳ ಪಾಲು ಎಷ್ಟು ಅಂತ ನೋಡಿದರೆ, 2019ರಲ್ಲಿ ನೂರಕ್ಕೆ 4.5 ಇದ್ದದ್ದು 2021ಕ್ಕೆ 3.2ಕ್ಕೆ ಇಳಿದಿತ್ತು. 2024ರಲ್ಲಿ ಅಲ್ಲಿನ ಸರ್ಕಾರ ಈ ಸಡಿಲಿಕೆಯನ್ನು ಕಾಯಂ ಮಾಡಿತು. ನಂಬಿ ಕೊಟ್ಟಿದ್ದಕ್ಕೆ ಆಕಾಶ ಕಳಚಿ ಬೀಳಲಿಲ್ಲ. ನಮ್ಮಲ್ಲಿ ಇನ್ನೂ ಎಷ್ಟೋ ಕಡೆ ಹಳೆಯ ಅನುಮಾನವೇ ನಿಯಮವಾಗಿ ಕೂತಿದೆ. ಇದು ನನ್ನ ದೂರು, ಇರಲಿ.

ಮನೆಗೆ ಕೊಟ್ಟರೆ ಮಾತ್ರ ಒಂದು ಎಚ್ಚರ ಬೇಕೇ ಬೇಕು. ದೊಡ್ಡವರ ಒಂದು ಮಾತ್ರೆ ಮಗುವಿನ ಉಸಿರು ನಿಲ್ಲಿಸಬಲ್ಲದು. ಹಾಗಾಗಿ ದೇವರ ಗೂಡಿನಲ್ಲಿ, ಫ್ರಿಡ್ಜಿನ ಮೇಲೆ ಇಡುವಂತಿಲ್ಲ. ಬೀರುವಿನಲ್ಲೋ ಟ್ರಂಕಿನಲ್ಲೋ ಇಟ್ಟು ಬೀಗ ಹಾಕಬೇಕು. ಬೀಗದ ಕೈ ಯಾರ ಹತ್ತಿರ ಅನ್ನುವುದನ್ನು ಕೌಂಟರಿನಲ್ಲೇ ಕೇಳಿ ಬರೆದುಕೊಳ್ಳಬೇಕು.

ಇನ್ನು ಫೋನು. 2020ರ ಮಾರ್ಚ್ 25ರಂದೇ ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಫೋನಿನಲ್ಲಿ ರೋಗಿಯನ್ನು ವಿಚಾರಿಸಿ ಔಷಧ ಬರೆಯಲು ಡಾಕ್ಟರುಗಳಿಗೆ ಧೈರ್ಯ ಬಂದದ್ದು ಆಗಲೇ. ಆದರೆ ಎನ್‌ಡಿಪಿಎಸ್ ಕಾಯ್ದೆಯಡಿ, ಅಂದರೆ ಮಾದಕ ವಸ್ತುಗಳನ್ನು ಹತೋಟಿಯಲ್ಲಿಡುವ ಕಾನೂನಿನಡಿ, ಬರುವ ಔಷಧಗಳು ನಿಷೇಧದ ಪಟ್ಟಿಯಲ್ಲಿದ್ದವು. ನಮ್ಮ ರೋಗಿಗಳಿಗೆ ಬೇಕಿದ್ದ ಎಷ್ಟೋ ಮಾತ್ರೆ ಅದೇ ಪಟ್ಟಿಯವು. ದಾರಿ ಒಂದೇ ಇತ್ತು: ರೋಗಿ ನಡೆದು ಹೋಗಬಲ್ಲ ಪಿಎಚ್‌ಸಿಗೆ ಹೋಗುವುದು, ಅಲ್ಲಿನ ಡಾಕ್ಟರು ಮೈ ಮುಟ್ಟಿ ನೋಡುವುದು, ಅವರು ಮನೋವೈದ್ಯರ ಜೊತೆ ಫೋನಿನಲ್ಲಿ ಮಾತಾಡಿ ಚೀಟಿ ಬರೆಯುವುದು. ನಿಮ್ಹಾನ್ಸ್‌ನವರು ವರ್ಷಗಳಿಂದ ವಿಡಿಯೋ ಮೂಲಕ ಜಿಲ್ಲೆಗಳ ಡಾಕ್ಟರುಗಳಿಗೆ ವ್ಯಸನ ಚಿಕಿತ್ಸೆಯ ತರಬೇತಿ ಕೊಡುತ್ತಾ ಬಂದಿದ್ದರು. ಅಂಥ ತರಬೇತಿ ಪಡೆದವರು ಇದ್ದ ಕಡೆ ಕೆಲಸ ಸಲೀಸಾಯಿತು.

ನಾವು ದಿನಾ ಕೂತು ರಿಜಿಸ್ಟರ್ ನೋಡಿ ಫೋನ್ ಮಾಡುತ್ತಿದ್ದೆವು. ಕೇಳಲು ಸುಲಭ. ಮಾಡಿ ನೋಡಿ. ಅರ್ಧ ನಂಬರು ಸ್ವಿಚ್ ಆಫ್. ಇನ್ನರ್ಧ ಫೋನು ಮಗನ ಕೈಯಲ್ಲಿ, ಆನ್‌ಲೈನ್ ಕ್ಲಾಸು. "ಅಪ್ಪ ಇಲ್ಲ ಆಂಟಿ, ನಿಮ್ಗೆ ಯಾರು ಬೇಕು?" ಆಸ್ಪತ್ರೆಯಿಂದ, ಕುಡಿತದ ವಿಚಾರ ಅಂತ ಮಗುವಿಗೆ ಹೇಳಲಾಗುತ್ತದಾ? ಗಂಡ ಸಿಕ್ಕರೆ "ಚೆನ್ನಾಗಿದೀನಿ ಮೇಡಂ" ಅಂದು ಇಟ್ಟುಬಿಡುತ್ತಾನೆ. ಹೆಂಡತಿ ಸಿಕ್ಕರೆ ಪಕ್ಕದಲ್ಲಿ ಗಂಡ ಕೂತಿರುತ್ತಾನೆ, ಅವಳು ಹೂಂ, ಉಹೂಂ ಬಿಟ್ಟರೆ ಏನೂ ಹೇಳಳು. ಹಾಗಾಗಿ ಹೌದು, ಇಲ್ಲ ಎಂದಷ್ಟೇ ಉತ್ತರ ಸಾಕಾಗುವಂತೆ ಪ್ರಶ್ನೆ ಕೇಳುತ್ತಿದ್ದೆವು. "ಪಕ್ಕದಲ್ಲಿದಾರಾ? ಕೈ ಮಾಡಿದ್ರಾ? ನಾಳೆ ಬೆಳಿಗ್ಗೆ ಹತ್ತಕ್ಕೆ ಮಾಡ್ಲಾ?" ಹೀಗೆ. ಮನೆಯೊಳಗೆ ಕೂಡಿಹಾಕಿದ್ದ ಆ ದಿನಗಳಲ್ಲಿ ಹೆಂಗಸರ ಮೇಲಿನ ಹಿಂಸೆಯ ದೂರುಗಳು ಜಾಸ್ತಿ ಆದದ್ದು ರಾಷ್ಟ್ರೀಯ ಮಹಿಳಾ ಆಯೋಗಕ್ಕೂ ಕಂಡಿತ್ತು. ರೋಗಿಯ ಸುರಕ್ಷತೆ ಅಂದಾಗ ಅವನ ಮನೆಯವರನ್ನು ಬಿಟ್ಟು ಲೆಕ್ಕ ಹಾಕಿದರೆ ಅದು ಲೆಕ್ಕವೇ ಅಲ್ಲ.

ಎಎ ಮೀಟಿಂಗುಗಳು ಜೂಮ್‌ಗೆ ಹೋದವು. ಪೇಟೆಯವರಿಗೆ ಅನುಕೂಲವೇ ಆಯಿತು. ದುಬೈನಲ್ಲಿದ್ದವರೂ ಊರಿನ ಮೀಟಿಂಗಿಗೆ ಕೂರಬಹುದಿತ್ತು. ಕೀಪ್ಯಾಡ್ ಫೋನಿನವರಿಗೆ ಏನೂ ಇಲ್ಲ.

ಕೋವಿಡ್ ವಾರ್ಡಿನ ಬಗ್ಗೆ ಸಿಸ್ಟರುಗಳಿಗೆ ಒಂದು ಮಾತು. ಪಾಸಿಟಿವ್ ಆಗಿ ಅಡ್ಮಿಟ್ ಆದವರು ಎರಡನೇ ದಿನ ಆಕ್ಸಿಜನ್ ಮಾಸ್ಕ್ ಕಿತ್ತು ಎಸೆಯುತ್ತಾರೆ, ಹಾಸಿಗೆಯಿಂದ ಇಳಿದು ಓಡುತ್ತಾರೆ. ಆಕ್ಸಿಜನ್ ಕಮ್ಮಿಯಾಗಿ ಹೀಗಾಡುತ್ತಿದ್ದಾರಾ, ಕುಡಿತ ನಿಂತು ಹೀಗಾಡುತ್ತಿದ್ದಾರಾ? ನೋಡಲು ಎರಡೂ ಒಂದೇ ಥರ. ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ ನೋಡಬೇಕು, ಜೊತೆಗೆ ಅಡ್ಮಿಶನ್ ಹೊತ್ತಲ್ಲೇ "ದಿನಾ ಕುಡೀತಿದ್ರಾ, ಕೊನೇ ಸಲ ಯಾವಾಗ ಕುಡಿದಿದ್ದು?" ಅಂತ ಕೇಳಿರಬೇಕು. ಎಷ್ಟೋ ಕೇಸ್ ಶೀಟುಗಳಲ್ಲಿ ಆ ಜಾಗ ಖಾಲಿ ಇರುತ್ತಿತ್ತು. ನಡುಕದ ಮಾತ್ರೆ ಜಾಸ್ತಿಯಾದರೆ ಉಸಿರಾಟ ಇನ್ನೂ ಕುಗ್ಗುತ್ತದೆ, ಕಮ್ಮಿಯಾದರೆ ಫಿಟ್ಸ್. ಆ ಖಾಲಿ ಜಾಗದಿಂದ ಡಾಕ್ಟರು ಕತ್ತಲಲ್ಲಿ ಕೈಯಾಡಿಸಬೇಕಾಗುತ್ತಿತ್ತು.

ಖಾಸಗಿ ಡಿ-ಅಡಿಕ್ಷನ್ ಸೆಂಟರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೋಂಕಿನ ನೆಪದಲ್ಲಿ ಮನೆಯವರ ಭೇಟಿ ನಿಂತಿತು ಅಂದರೆ ಒಳಗೆ ಏನು ನಡೆಯುತ್ತಿದೆ ಅಂತ ನೋಡುವ ಕಣ್ಣೂ ನಿಂತಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕದಿಂದಾಗುವ ಮಾನಸಿಕ ತೊಂದರೆಗಳಿಗೂ ಅನ್ವಯಿಸುತ್ತದೆ. ಒಳಗಿರುವವರಿಗೆ ಮನೆಗೆ ಫೋನ್ ಮಾಡುವ ಹಕ್ಕಿದೆ. ಭೇಟಿ ನಿಲ್ಲಿಸಿದರೆ ಫೋನು ದುಪ್ಪಟ್ಟಾಗಬೇಕು.

ಮೇ 4ಕ್ಕೆ ಕರ್ನಾಟಕದಲ್ಲಿ ಅಂಗಡಿ ತೆರೆಯಿತು. ಬೆಳಗಾಗುವ ಮುಂಚೆಯೇ ಕ್ಯೂ, ಕೆಲವು ಕಡೆ ಬಾಗಿಲಿಗೆ ಪೂಜೆ, ತೆಂಗಿನಕಾಯಿ. ಮೊದಲ ದಿನ 45 ಕೋಟಿ, ಮರುದಿನ 197 ಕೋಟಿ ರೂಪಾಯಿ ವ್ಯಾಪಾರ. ಟಿವಿಯವರು ನಕ್ಕರು. ಆ ಕ್ಯೂನಲ್ಲಿ ಸುಮಾರು 40 ದಿನ ಕುಡಿಯದೆ ಇದ್ದವರೂ ನಿಂತಿದ್ದರು. ನಡುಕ, ನಿದ್ದೆಗೇಡು ಎಲ್ಲ ದಾಟಿ ಬಂದವರು. ಆ 40 ದಿನದಲ್ಲಿ ಒಬ್ಬರಾದರೂ ಅವರ ಮನೆಗೆ ಹೋಗಿ, "ಕಷ್ಟದ ಭಾಗ ಮುಗಿದಿದೆ ಅಣ್ಣ, ಇನ್ನು ಮುಂದಕ್ಕೆ ಮಾತ್ರೆ ಇದೆ, ಬನ್ನಿ" ಅಂದಿದ್ದರೆ? ಮನೆಮನೆಗೆ ಹೋಗಿ ಜ್ವರ, ಕೆಮ್ಮು ಕೇಳಿದ್ದು ನೀವೇ, ಆಶಾ ಅಕ್ಕಂದಿರು. ನಿಮ್ಮ ಫಾರಮ್ಮಿನಲ್ಲಿ ಕುಡಿತದ ಬಗ್ಗೆ ಒಂದು ಪ್ರಶ್ನೆ ಇರಲಿಲ್ಲ. ಅದು ನಿಮ್ಮ ತಪ್ಪಲ್ಲ, ಫಾರಮ್ಮು ಮಾಡಿದವರದು. ಇನ್ನೊಂದು ಅಪಾಯ: ಇಷ್ಟು ದಿನ ಬಿಟ್ಟಿದ್ದ ಮೈಗೆ ಹಳೆಯ ಅಳತೆ ತಡೆಯುವ ಶಕ್ತಿ ಇರುವುದಿಲ್ಲ. ಮದ್ಯಕ್ಕೂ ಈ ಮಾತು ಸೈ, ಬ್ರೌನ್ ಶುಗರ್‌ಗಂತೂ ಅದೇ ಸಾವಿನ ದಾರಿ.

ಮಾತು ಮುಗಿದ ಮೇಲೆ ಒಬ್ಬ ಆಶಾ ಕಾರ್ಯಕರ್ತೆ ಎದ್ದು ಕೇಳಿದರು: "ಮೇಡಂ, ಅವ್ನು ಆಸ್ಪತ್ರೆಗೆ ಬರಲ್ಲ ಅಂದ್ರೆ ಏನ್ ಮಾಡೋದು?"

ಬಲವಂತ ಬೇಡ ಅಂದೆ. ಮನೆಯವರಿಗೆ ಹೇಳಿ, ಬಾಟಲಿ ಒಡೆದು ಹಾಕಬೇಡಿ, ದಿನಾ ಕುಡಿಯುವವನಿಗೆ ಒಂದೇ ಏಟಿಗೆ ನಿಲ್ಲಿಸು ಅಂತ ಆಣೆ ಹಾಕಿಸಬೇಡಿ. ನಿಲ್ಲಿಸುವ ಮುಂಚೆ ಡಾಕ್ಟರ ಹತ್ತಿರ ಮಾತಾಡಲಿ. ಆಗಲೇ ನಿಲ್ಲಿಸಿದ್ದು ಫಿಟ್ಸ್ ಬಂದರೆ, ಇಲ್ಲದ್ದು ಕಂಡರೆ, ಜನರ ಗುರುತು ತಪ್ಪಿದರೆ 108ಕ್ಕೆ ಫೋನ್ ಮಾಡಿ. "ದಿನಾ ಕುಡೀತಿದ್ದ, ಇಂಥ ದಿನ ನಿಲ್ಲಿಸಿದಾನೆ" ಅನ್ನುವುದನ್ನು ನಾಚಿಕೆಪಡದೆ ಮೊದಲೇ ಹೇಳಿ. ತುರ್ತು ಇಲ್ಲದಿದ್ದರೆ ಟೆಲಿ ಮಾನಸ್ 14416 ಇದೆ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಹೋಗುವುದಿಲ್ಲ. ವ್ಯಸನಕ್ಕೆಂದೇ 14446 ಇದೆ.

"ಅವ್ನೇ ಮಾಡ್ಬೇಕಾ ಫೋನು?" ಅಂದರು.

ಬೇಡ, ಹೆಂಡತಿ ಮಾಡಬಹುದು, ಅಮ್ಮ ಮಾಡಬಹುದು, ನೀವೂ ಮಾಡಬಹುದು ಅಂದೆ. ಹಿಂದಿನ ಸಾಲಿನಲ್ಲಿ ಒಂದಿಬ್ಬರು ಆ ನಂಬರನ್ನು ಇನ್ನೊಂದು ಸಲ ಹೇಳಿ ಅಂದರು. ಒಂದು, ನಾಲ್ಕು, ನಾಲ್ಕು, ಒಂದು, ಆರು.